ತೊಡೆಯ ಮೇಲಿನ ಬುತ್ತಿ

ಕಂಡಕ್ಟರ್ ಕೆಲಸವೆಂದರೆ ಟಿಕೆಟ್ ಹರಿದು ದುಡ್ಡು ತೆಗೆದುಕೊಳ್ಳುವುದು ಎಂದುಕೊಂಡು ಸೇರಿದವನು ನಾನು. ಸೇರಿದ ವಾರದಲ್ಲೇ ಗೊತ್ತಾಯಿತು, ಅದು ಕೆಲಸದ ಸಣ್ಣ ಪಾಲು. ಉಳಿದದ್ದೆಲ್ಲ ಜನ. ಜನ ಮತ್ತು ಅವರ ಗಂಟುಗಳು, ಕೋಳಿಗಳು, ಕೊಡಗಳು, ಕೂಸುಗಳು. ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯಲು ಕುಳಿತೆ. ನನಗೆ ಸನ್ಮಾನದ ಶಾಲು ಯಾರು ಹೊದಿಸಿದರು, ಆಗ ಯಾರು ಏನು ಮಾತಾಡಿದರು ಎಂಬುದನ್ನೆಲ್ಲ ಇಲ್ಲಿ ಹುಡುಕಬೇಡಿ. ಆ ಶಾಲನ್ನು ನಮ್ಮಾಕೆ ನೀಲವ್ವ ಗಾದಿಯ ಮೇಲೆ ಹಾಸಿದ್ದಾಳೆ. ನಾನು ಹೇಳಹೊರಟಿರುವುದು ಬುತ್ತಿಯ ಡಬ್ಬಿಗಳ ಮಾತು.

ಅದಕ್ಕೂ ಮೊದಲು ನನ್ನ ಮೊದಲ ಪಾಠ. ನಾನಿನ್ನೂ ಹೊಸಬ, ಕಿತ್ತೂರಿನಿಂದ ದೇಗಾಂವಕ್ಕೆ ಹೋಗಿಬರುವ ಗಾಡಿ ನನ್ನದು. ದೇಗಾಂವದಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದಾಗ ನಾನು ಕಮಲನಾರಾಯಣನಿಗೆ ಕೈಮುಗಿದು ಬರೋಣವೆಂದು ಗುಡಿಗೆ ಹೋದೆ. ಗುಡಿಯ ಕಂಬಗಳ ಕೆತ್ತನೆ ನೋಡುತ್ತ ಮೈಮರೆತೆ. ಅಷ್ಟರಲ್ಲಿ ಡ್ರೈವರ್ ಬಂದು ಕುಳಿತಿದ್ದಾನೆ, ಯಾರೋ ಅವಸರದ ರೈತರು ಗಂಟೆಯ ಹಗ್ಗವನ್ನು ಎರಡು ಸಲ ಜಗ್ಗಿದ್ದಾರೆ, ಗಾಡಿ ಹೊರಟೇಬಿಟ್ಟಿದೆ. ಕೊರಳಲ್ಲಿ ಚರ್ಮದ ಚೀಲ, ಕೈಯಲ್ಲಿ ಟಿಕೆಟಿನ ಪೆಟ್ಟಿಗೆ ಹಿಡಿದು ನಾನು ಗುಡಿಯ ಮುಂದೆ ನಿಂತಿದ್ದೆ. ಹಾಲು ಹಾಕಲು ಹೊರಟಿದ್ದವನೊಬ್ಬನ ಸೈಕಲ್ಲಿನ ಹಿಂದೆ ಕುಳಿತು ಬಸ್ಸನ್ನು ಬೆನ್ನಟ್ಟಿದೆ. ಮುಂದಿನ ಊರಿನಲ್ಲಿ ಗಾಡಿ ನಿಂತಿತ್ತು. ಹತ್ತಿ ನೋಡಿದರೆ ನನ್ನ ಸೀಟಿನ ಮೇಲೆ ಒಂದು ಟೊಪ್ಪಿಗೆ, ಅದರ ತುಂಬ ದುಡ್ಡು. ಜನರೇ ತಮ್ಮ ತಮ್ಮ ಊರಿನ ಹೆಸರು ಹೇಳಿ ಅದರಲ್ಲಿ ಹಾಕಿಕೊಂಡು ಬಂದಿದ್ದರು. ಡ್ರೈವರ್ ನನ್ನನ್ನು ನೋಡಿ, ನೀನಿಲ್ಲದೆಯೂ ಕೆಲಸ ನಡೆಯಿತಪ್ಪ ಎಂದು ನಕ್ಕ. ಅವತ್ತು ನಾಚಿಕೆಯಾಗಿತ್ತು. ಬಸ್ಸು ನಡೆಸುವುದು ನಾನೊಬ್ಬನೇ ಅಲ್ಲ ಎಂದು ಅಷ್ಟು ಬೇಗ ತಿಳಿದದ್ದು ಒಳ್ಳೆಯದೇ ಆಯಿತೆಂದು ಈಗ ಅನ್ನಿಸುತ್ತದೆ.

ಆಗ ಎಲ್ಲವೂ ತಲೆಯಲ್ಲೇ ಇರಬೇಕಿತ್ತು. ಎಲ್ಲಿಂದ ಎಲ್ಲಿಗೆ ಎಷ್ಟು, ಯಾರಿಗೆ ಚಿಲ್ಲರೆ ಕೊಡಬೇಕು, ಯಾರು ಎಲ್ಲಿ ಇಳಿಯಬೇಕು. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದೆವು. ಮುಖ ಕಂಡರೆ ನನಗೆ ಊರು ನೆನಪಾಗುತ್ತಿತ್ತು. ನೀಲವ್ವನ ತವರಿನ ಮದುವೆಯೊಂದರಲ್ಲಿ ಬೀಗರೊಬ್ಬರನ್ನು ನೋಡಿ ಹೆಸರಿನ ಬದಲು ಊರು ಹಿಡಿದು 'ಇವರು ಕಟಕೋಳ' ಎಂದು ಬಾಯಿತಪ್ಪಿ ಅಂದು, ಅವಳಿಂದ ಬೈಸಿಕೊಂಡಿದ್ದೇನೆ.

ಮುಂದೆ ನನಗೆ ಸುರೇಬಾನದ ವಸ್ತಿ ಗಾಡಿ ಸಿಕ್ಕಿತು. ರಾತ್ರಿ ಊರಲ್ಲೇ ಉಳಿದು, ಬೆಳಿಗ್ಗೆ ಹೊರಟು ರಾಮದುರ್ಗ, ಸವದತ್ತಿಯ ಮೇಲೆ ಬೈಲಹೊಂಗಲ ಮುಟ್ಟುವ ಬಸ್ಸು ಅದು. ಬೈಲಹೊಂಗಲದಲ್ಲಿ ಕೋಣೆ ಹಿಡಿದು ಓದುವ ಮಕ್ಕಳಿಗೆ ಮನೆಯಿಂದ ಬುತ್ತಿ ಹೋಗುತ್ತಿದ್ದುದು ಇದೇ ಗಾಡಿಯಲ್ಲಿ. ತಾಯಂದಿರು ನಸುಕಿನಲ್ಲಿ ರೊಟ್ಟಿ ಬಡಿದು, ಡಬ್ಬಿಗೆ ಅರಿವೆ ಕಟ್ಟಿ, ಬಸ್ಸಿನ ಬಾಗಿಲಿಗೆ ತಂದು ಕೊಡುವರು. ನಾನು ಅವನ್ನು ಮೇಲಿನ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದೆ. ಬೈಲಹೊಂಗಲದಲ್ಲಿ ಮಕ್ಕಳು ಬಂದು ಒಯ್ಯುವರು, ಹಿಂದಿನ ದಿನದ ಖಾಲಿ ಡಬ್ಬಿ ಕೊಡುವರು. ಹೆಸರು ಬರೆದ ಚೀಟಿ ಗೀಟಿ ಏನೂ ಇಲ್ಲ. ಅರಿವೆಯ ಬಣ್ಣ, ಗಂಟು ಹಾಕಿದ ರೀತಿ ನೋಡಿಯೇ ಯಾರದೆಂದು ಹೇಳುತ್ತಿದ್ದೆ. ಸಾಲಹಳ್ಳಿಯ ಕಡೆಯ ಗಾಡಿಯಲ್ಲೂ ಹೀಗೆಯೇ ಇತ್ತು. ಇದಕ್ಕೆ ಯಾರೂ ದುಡ್ಡು ಕೇಳುತ್ತಿರಲಿಲ್ಲ, ಯಾರೂ ಕೊಡುತ್ತಲೂ ಇರಲಿಲ್ಲ.

ಆ ಡಬ್ಬಿಗಳಲ್ಲಿ ಒಂದು ಗಂಗವ್ವನದು. ಹಸಿರು ಅಂಚಿನ ಹಳೆಯ ಸೀರೆಯ ತುಂಡು, ಮೇಲೆ ಎರಡು ಬಿಗಿ ಗಂಟು. ಅವಳ ಮಗಳು ರೇಣುಕಾ ಬೈಲಹೊಂಗಲದಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಹುಡುಗಿ ಓದುವುದು ಗಂಗವ್ವನ ಗಂಡನಿಗೆ ಅಷ್ಟಾಗಿ ಮನಸ್ಸಿಗೆ ಬಂದಿರಲಿಲ್ಲ. ಮಗಳಿಗೆ ವರ ನೋಡಬೇಕೆಂಬುದು ಅವನ ಲೆಕ್ಕ. ಖಾನಾವಳಿಗೆ ಕೊಡಲು ದುಡ್ಡಿಲ್ಲ, ಬುತ್ತಿ ಮುಟ್ಟುವ ತನಕ ಓದಲಿ, ಬುತ್ತಿ ನಿಂತ ದಿನ ಮನೆಗೆ ಬರಲಿ ಎಂದು ಅವನು ಕಡ್ಡಿ ಮುರಿದಂತೆ ಹೇಳಿದ್ದ. ಇದನ್ನು ಗಂಗವ್ವ ನನಗೆ ಮೊದಲ ದಿನವೇ ತಿಳಿಸಿದ್ದಳು. ಹಾಗಾಗಿ ಆ ಡಬ್ಬಿ ಕೈಗೆ ತೆಗೆದುಕೊಳ್ಳುವಾಗ ನನಗೆ ಬೇರೆಯವಕ್ಕಿಂತ ಭಾರವೆನ್ನಿಸುತ್ತಿತ್ತು. ಮಳೆಗಾಲದಲ್ಲಿ ಹಳ್ಳ ಬಂದು ಗಾಡಿ ತಡವಾದರೆ ನಾನು ಡ್ರೈವರನ ತಲೆ ತಿನ್ನುತ್ತಿದ್ದೆ.

ಹೀಗೆ ಸುಸೂತ್ರ ನಡೆದಿದ್ದಾಗ ಒಬ್ಬ ಮದುವೆ ಗಂಡು ಬಸ್ಸು ಹತ್ತಿದ. ಬಿಳಿ ಅಂಗಿ, ಬಿಳಿ ಧೋತರ, ತಲೆಗೆ ಎಣ್ಣೆ. ಸವದತ್ತಿಗೆ ಹೆಣ್ಣು ನೋಡಲು ಹೊರಟಿದ್ದ. ಹಲಗೆಯ ಮೇಲಿನ ಯಾವುದೋ ಡಬ್ಬಿಯ ಮುಚ್ಚಳ ಸಡಿಲವಾಗಿ ಎಣ್ಣೆಗಾಯಿಯ ರಸ ಸರಿಯಾಗಿ ಅವನ ಹೆಗಲ ಮೇಲೆ ಇಳಿಯಿತು. ನಾನು ಒರೆಸಲು ಹೋದಷ್ಟೂ ಹಬ್ಬಿತು. ಅವನು ಸವದತ್ತಿಯಲ್ಲಿ ಇಳಿದು ಹೆಣ್ಣು ನೋಡುವ ಮೊದಲೇ ನಮ್ಮ ಮೇಲೆ ತಕರಾರು ಬರೆದುಕೊಟ್ಟ. ಹುಡುಗಿ ಒಪ್ಪಿದಳಂತೆ, ಅದು ಬೇರೆ ಮಾತು. ಆಗಿನ ನಮ್ಮ ಮ್ಯಾನೇಜರು ಹೊಸಬರು, ಕಟ್ಟುನಿಟ್ಟಿನವರು. ಜೊತೆಗೆ ಆಳಿಲ್ಲದ ಯಾವ ಸಾಮಾನೂ ಬಸ್ಸಿನಲ್ಲಿ ಹೋಗಕೂಡದು, ಕಂಡರೆ ಕಂಡಕ್ಟರನ ಮೇಲೆ ಕ್ರಮ ಎಂದು ಆದೇಶ ಹಚ್ಚಿದರು. ಅವರದು ತಪ್ಪೆಂದು ನಾನು ಹೇಳಲಾರೆ. ಕಾಯಿದೆಯಲ್ಲಿ ಇದ್ದದ್ದೇ ಅದು, ನಾವು ಮರೆತಿದ್ದೆವು.

ಸಂಜೆ ಸುರೇಬಾನದಲ್ಲಿ ತಾಯಂದಿರನ್ನು ಕರೆದು, ನಾಳೆಯಿಂದ ಡಬ್ಬಿ ಒಯ್ಯುವುದಾಗುವುದಿಲ್ಲ ಎಂದು ಹೇಳಿದೆ. ಬೇರೆಯವರು ನನ್ನ ಮೇಲೆ ರೇಗಿದರು. ಗಂಗವ್ವ ತನ್ನ ಖಾಲಿ ಡಬ್ಬಿ ಇಸಿದುಕೊಂಡು ಅರಿವೆ ಮಡಚತೊಡಗಿದಳು. ನಾನು ಅವಳ ಮುಖ ನೋಡಲಾರದೆ ಗಾಡಿ ಒರೆಸುವ ನೆವ ಮಾಡಿಕೊಂಡು ಒಳಗೆ ಹೋದೆ. ಆ ಹುಡುಗಿಯ ಓದು ನನ್ನ ಕೈಯಿಂದಲೇ ನಿಂತಿತಲ್ಲ ಎಂಬ ಕೊರಗು. ನೌಕರಿ ಹೋದರೆ ನನ್ನ ಮನೆಯ ಒಲೆ ಉರಿಯುವುದು ಹೇಗೆ, ಅದೊಂದು ಹೆದರಿಕೆ.

ಬೆಳಿಗ್ಗೆ ಅವಳು ಎಂದಿನಂತೆ ಡಬ್ಬಿ ಹಿಡಿದು ಬಂದಳು. ನನ್ನ ಕೈಗೆ ಕೊಡಲಿಲ್ಲ. ಕಿಟಕಿಯ ಹತ್ತಿರ ಹೋಗಿ, ಒಳಗೆ ಕುಳಿತಿದ್ದ ಫಕೀರಪ್ಪಜ್ಜನನ್ನು ಕರೆದಳು. ಈ ಅಜ್ಜ ದನದ ವ್ಯಾಪಾರದವನು, ವಾರದಲ್ಲಿ ನಾಕಾರು ದಿನ ನಮ್ಮ ಗಾಡಿಯಲ್ಲೇ ಇರುತ್ತಿದ್ದ.

"ಮಾಮಾ, ಇದನ್ನ ತೊಡಿ ಮ್ಯಾಲ ಇಟ್ಕೊಂಡ ಹೋಗ್ರಿ. ನೀವು ಇಳಿಯೂಮುಂದ ಬಾಜೂದವರ ತೊಡಿ ಮ್ಯಾಲ ಇಟ್ಟ ಇಳೀರಿ. ಹಂಗ ಬೈಲಹೊಂಗಲಾ ಮುಟ್ಟತೈತಿ."

ಅಜ್ಜ ಏನೂ ಕೇಳದೆ ತೆಗೆದುಕೊಂಡ. ಅದನ್ನು ಕಂಡು ಉಳಿದ ತಾಯಂದಿರೂ ಒಂದೊಂದು ಕಿಟಕಿ ಹುಡುಕಿಕೊಂಡರು. ನಾನು ಕಂಡೂ ಕಾಣದವನಂತೆ ಗಂಟೆಯ ಹಗ್ಗ ಜಗ್ಗಿದೆ. ಅಂದಿನಿಂದ ಡಬ್ಬಿಗಳು ತೊಡೆಯಿಂದ ತೊಡೆಗೆ ದಾಟುತ್ತ ಹೋದವು. ಸುರೇಬಾನದಲ್ಲಿ ಕುಳಿತವರು ರಾಮದುರ್ಗದಲ್ಲಿ ಇಳಿಯುವಾಗ ಹತ್ತುವವರಿಗೆ ಕೊಡುವರು, ಅವರು ಸವದತ್ತಿಯಲ್ಲಿ ಇನ್ನೊಬ್ಬರಿಗೆ. ಗುರುತಿಲ್ಲದವರೂ ಬೇಡವೆಂದದ್ದು ನಾನು ಕಾಣೆ. ಒಬ್ಬ ಹೆಣ್ಣುಮಗಳಂತೂ ಎಳೆ ಕೂಸನ್ನು ಪಕ್ಕದವಳಿಗೆ ಕೊಟ್ಟು ಡಬ್ಬಿ ಹಿಡಿದುಕೊಂಡಿದ್ದಳು. ಕೂಸು ಚೆಲ್ಲುವುದಿಲ್ಲ, ಪಲ್ಯೆ ಚೆಲ್ಲುತ್ತದೆ ಎಂದು ಅವಳ ವಿವರಣೆ. ಯಾವ ಡಬ್ಬಿ ಯಾರ ತೊಡೆಯ ಮೇಲಿದೆ ಎಂದು ನೆನಪಿಡುವುದು ನನ್ನ ಪಾಲಿಗೆ ಬಂತು. ಟಿಕೆಟ್ ಕೊಡುತ್ತ ಕೊಡುತ್ತ ಕಣ್ಣಲ್ಲೇ ಎಣಿಸಿಕೊಳ್ಳುತ್ತಿದ್ದೆ.

ಒಂದು ಸೋಮವಾರ, ರಾಮದುರ್ಗ ದಾಟಿ ಸವದತ್ತಿಯ ದಾರಿ ಹಿಡಿದಿದ್ದೆವು. ಎದುರಿಗೆ ತಪಾಸಣೆಯ ಜೀಪು ನಿಂತಿತ್ತು. ಕೈ ಅಡ್ಡ ಮಾಡಿ ಗಾಡಿ ನಿಲ್ಲಿಸಿ ಒಬ್ಬ ಸಾಹೇಬರು ಹತ್ತಿದರು. ಟಿಕೆಟ್ ಎಲ್ಲ ಸರಿಯಿತ್ತು. ಆಮೇಲೆ ಅವರ ಕಣ್ಣು ಡಬ್ಬಿಗಳ ಮೇಲೆ ಬಿತ್ತು. ತಕರಾರಿನ ಸುದ್ದಿ ಅವರಿಗೆ ಗೊತ್ತಿತ್ತು. ಆಳಿಲ್ಲದ ಡಬ್ಬಿಯೆಂದು ಸಾಬೀತಾದರೆ ಅಲ್ಲೇ ಕೆಳಗಿಳಿಸುವರು, ನನಗೆ ಮೆಮೊ. ರೇಣುಕಾಳಿಗೆ ಅದೇ ವಾರ ಪರೀಕ್ಷೆ. ಅವತ್ತು ಬುತ್ತಿ ತಪ್ಪಿದರೆ ಅವಳಪ್ಪನಿಗೆ ಅಷ್ಟೇ ಸಾಕಿತ್ತು.

ಹಸಿರು ಅಂಚಿನ ಡಬ್ಬಿ ಇದ್ದದ್ದು ಫಕೀರಪ್ಪಜ್ಜನ ತೊಡೆಯ ಮೇಲೆ. ಸಾಹೇಬರು ಅಲ್ಲೇ ನಿಂತು, ಯಾರದಿದು ಎಂದು ಕೇಳಿದರು.

"ನಂದ್ರಿ," ಎಂದ ಅಜ್ಜ.

ಒಳಗೇನಿದೆ ಎಂದರು. ಅಜ್ಜ ನೆಟ್ಟಗೆ ಅವರ ಮುಖ ನೋಡಿ, ರೊಟ್ಟಿ, ಬದನೆಕಾಯಿ ಪಲ್ಯೆ, ಶೇಂಗಾ ಹಿಂಡಿ ಎಂದು ಹೇಳಿದ. ಬಿಚ್ಚಿಸಿ ನೋಡಿದರೆ ಸರಿಯಾಗಿ ಅದೇ. ನಮ್ಮ ಸೀಮೆಯ ಡಬ್ಬಿಯಲ್ಲಿ ಮತ್ತೇನಿದ್ದೀತು? ಆದರೆ ರೊಟ್ಟಿಯ ಪಕ್ಕ ಒಂದು ಪೊಟ್ಟಣ ಹೇರ್ ಪಿನ್ನುಗಳೂ ಇದ್ದವು. ಸಾಹೇಬರು ಪಿನ್ನುಗಳನ್ನು ನೋಡಿದರು, ಅಜ್ಜನ ಬೋಳು ತಲೆಯನ್ನು ನೋಡಿದರು.

"ನಿಮ್ಮದ ಆದ್ರ ಒಂದ ರೊಟ್ಟಿ ಉಣ್ರಿ ನೋಡೂಣು."

ಅಜ್ಜ ನಿಧಾನಕ್ಕೆ ಡಬ್ಬಿಗೆ ಮತ್ತೆ ಗಂಟು ಹಾಕಿದ. "ಇವತ್ತ ಸೋಮಾರ್ರಿ ಸಾಹೇಬ್ರ. ಹೊತ್ತ ಮುಣಗೂತನಾ ನಾ ಏನೂ ಮುಟ್ಟಾಂಗಿಲ್ಲ."

ಸಾಹೇಬರು ಮುಂದಿನ ಸೀಟಿಗೆ ಹೋದರು. ಅಲ್ಲಿ ಕುಳಿತವರೂ ಡಬ್ಬಿ ತಮ್ಮದೇ ಎಂದರು, ಅಲ್ಲಿಯೂ ಸೋಮವಾರದ ಒಪ್ಪತ್ತು. ಅದರ ಮುಂದಿನವರಿಗೂ ಒಪ್ಪತ್ತು. ಕೊನೆಗೆ ಬಳೆ ಮಾರುವ ಹುಸೇನಸಾಬರ ಹತ್ತಿರ ಬಂದರು. ಅವರ ತೊಡೆಯ ಮೇಲೆ ಬಳೆಯ ಪೆಟ್ಟಿಗೆ, ಅದರ ಮೇಲೊಂದು ಡಬ್ಬಿ.

ಸಾಹೇಬರಿಗೆ ನಗು ತಡೆಯುವುದು ಕಷ್ಟವಾಗಿತ್ತು. "ಸಾಬರ, ನಿಮಗೂ ಸೋಮಾರನ?"

"ಒಂದ ಗಾಡ್ಯಾಗ ಕುಂತೇವಲ್ರಿ," ಎಂದರು ಹುಸೇನಸಾಬರು. "ಅವ್ರೆಲ್ಲಾ ಉಪಾಸ ಇರೂಮುಂದ ನಾ ಒಬ್ಬಾಂವ ಹೆಂಗ ಉಣ್ಲಿ?"

ಆಗ ಇಡೀ ಬಸ್ಸು ನಕ್ಕಿತು. ಸಾಹೇಬರೂ ನಕ್ಕರು. ಇಳಿಯುವಾಗ ನನ್ನನ್ನು ಬಾಗಿಲಿಗೆ ಕರೆದು ಸಣ್ಣ ದನಿಯಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ನಾನೂ ಇಂಥಾ ಬುತ್ತಿ ಉಂಡ ಕಲತಾಂವ. ತೊಡಿ ಮ್ಯಾಲ ಇದ್ರ ಅದಕ್ಕ ಆಳ ಐತಿ ಅಂತ ಅರ್ಥ. ಹಲಗಿ ಮ್ಯಾಲ ಕಂಡ್ರ ಮಾತ್ರ ನಾ ಬರೀಬೇಕಾಗತೈತಿ. ತಿಳೀತಿಲ್ಲ?"

ತಿಳಿಯಿತು ಎಂದೆ. ಬೈಲಹೊಂಗಲದಲ್ಲಿ ರೇಣುಕಾ ಎಂದಿನಂತೆ ಬಂದು ಡಬ್ಬಿ ಒಯ್ದಳು. ದಾರಿಯಲ್ಲಿ ನಡೆದದ್ದೇನೂ ಅವಳಿಗೆ ಗೊತ್ತಿಲ್ಲ. ಪಿನ್ನು ಸಿಕ್ಕವೆಂದು ಅವ್ವನಿಗೆ ಹೇಳಿ ಎಂದಷ್ಟೇ ಅಂದಳು. ಆಮೇಲೆ ಅವಳ ಬುತ್ತಿ ಒಂದು ದಿನವೂ ನಿಲ್ಲಲಿಲ್ಲ. ಓದು ಮುಗಿಸಿ ಅದೇ ಊರಿನ ಆಸ್ಪತ್ರೆಯಲ್ಲಿ ಸಿಸ್ಟರ್ ಆದಳು. ನಮ್ಮ ಗಾಡಿಯಲ್ಲಿ ಹತ್ತುವವರಿಗೆ ನಾನು ಒಂದು ಮಾತು ಕಲಿಸಿಬಿಟ್ಟೆ. ಡಬ್ಬಿ ತೊಡೆಯ ಮೇಲಿಟ್ಟುಕೊಳ್ಳಿ, ಯಾರಾದರೂ ಕೇಳಿದರೆ ನಮ್ಮದು ಎನ್ನಿ.

ಕೆಲವು ವರ್ಷದ ಮೇಲೆ ಟಿಕೆಟ್ ಕೊಡುವ ಯಂತ್ರ ಬಂತು. ಅದರ ಗುಂಡಿಗಳು ನನಗೆ ಬೇಗ ರೂಢಿಯಾಗಲಿಲ್ಲ. ಮೊದಲ ದಿನವೇ ಗಿರಿಜಾ ಮೀಸೆಯ ಗೌಡರೊಬ್ಬರಿಗೆ ಅರ್ಧ ಟಿಕೆಟ್ ಕೊಟ್ಟೆ. ಅವರು ಅದನ್ನು ಹಿಡಿದು, ಇಷ್ಟು ದಿನಕ್ಕೆ ನನ್ನ ವಯಸ್ಸು ಸರಿಯಾಗಿ ಗುರುತಿಸಿದಿ ನೋಡಪ್ಪ ಎಂದು ಮೀಸೆ ತಿರುವಿದರು. ಹಳೆಯ ಕಂಡಕ್ಟರುಗಳು ಯಂತ್ರವನ್ನು ಬಯ್ಯುವುದು ಒಂದು ರಿವಾಜು. ನಾನು ಬಯ್ಯಲಾರೆ. ದಿನದ ಕೊನೆಗೆ ಲೆಕ್ಕ ಕೂಡಿಸುತ್ತ ಕೂಡ್ರುವುದು ಅದರಿಂದ ತಪ್ಪಿತು. ಅಷ್ಟೇ ಅಲ್ಲ, ಕೊನೆಕೊನೆಗೆ ನನ್ನ ತಲೆ ಮೊದಲಿನಂತಿರಲಿಲ್ಲ. ಮುಖ ಕಂಡರೆ ಊರು ನೆನಪಾಗುವುದು ನಿಂತಿತು. ಊರು ಹೇಳಿದರೂ ದರ ನೆನಪಾಗುತ್ತಿರಲಿಲ್ಲ. ಯಂತ್ರ ನೆನಪಿಟ್ಟುಕೊಂಡಿತು, ನನ್ನ ಮಾನ ಉಳಿಯಿತು. ಅದಕ್ಕೆ ಕೈಮುಗಿಯಬೇಕು.

ಡಬ್ಬಿ ಮಾತ್ರ ಯಂತ್ರಕ್ಕೆ ತಿಳಿಯದು. ಒಂದು ದಿನ ಬೈಲಹೊಂಗಲ ಸಮೀಪಿಸಿದಾಗ ಒಂದು ಡಬ್ಬಿ ಯಾರ ತೊಡೆಯ ಮೇಲಿದೆ ಎಂಬುದೇ ನನಗೆ ಹೊಳೆಯದು. ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲದಷ್ಟು ಜನ. ಬೇರೆ ದಾರಿಯಿಲ್ಲದೆ ನಾನು, ಡಬ್ಬಿ ಎಲ್ಲಿದೆ ನೋಡಿ, ನನಗೆ ಮರೆತುಹೋಗಿದೆ ಎಂದು ಗಟ್ಟಿಯಾಗಿ ಕೇಳಿದೆ. ಹಿಂದಿನಿಂದ ಒಂದು ಕೈ ಮೇಲೆದ್ದಿತು. ಆ ಕೈಯಿಂದ ಇನ್ನೊಂದು ಕೈಗೆ, ಜನರ ತಲೆಗಳ ಮೇಲಿಂದ ಡಬ್ಬಿ ನನ್ನ ತನಕ ಬಂತು. ಯಾರೂ ನನ್ನನ್ನು ಆಡಿಕೊಳ್ಳಲಿಲ್ಲ. ಅವತ್ತು ನನಗೆ ಬಂದ ಕಣ್ಣೀರು ಸಂತೋಷದ್ದು ಎಂದೇ ಇಟ್ಟುಕೊಂಡಿದ್ದೇನೆ.

ಆಮೇಲೆ ಎಲ್ಲರ ಕೈಗೆ ಫೋನು ಬಂತು. ಮನೆಯಿಂದ ಮಕ್ಕಳಿಗೆ ಕ್ಷಣದಲ್ಲಿ ದುಡ್ಡು ಹೋಗುತ್ತದೆ, ಮಕ್ಕಳು ಖಾನಾವಳಿಯಲ್ಲಿ ಬಿಸಿ ಬಿಸಿ ಉಣ್ಣುತ್ತಾರೆ. ಡಬ್ಬಿಗಳು ಕಡಿಮೆಯಾದವು. ಅದಕ್ಕೆ ನಾನು ಅಳುವವನಲ್ಲ. ಮೂರು ತಾಸಿನ ಹಿಂದಿನ ಪಲ್ಯೆಯನ್ನು ಬೇಸಿಗೆಯಲ್ಲಿ ಮೂಸಿ ನೋಡಿ ಉಂಡವರಿಗೆ ಗೊತ್ತು, ಹಳೆಯ ಕಾಲದಲ್ಲಿ ಎಲ್ಲವೂ ಚೆನ್ನಾಗಿರಲಿಲ್ಲ. ನಾನು ನಿವೃತ್ತನಾಗುವ ಹೊತ್ತಿಗೆ ಹೊಸ ಕಂಡಕ್ಟರಾಗಿ ಮಂಜುಳಾ ಎಂಬ ಹುಡುಗಿ ಬಂದಳು. ಕೆಲವು ದಿನ ಅವಳನ್ನು ಜೊತೆಗಿಟ್ಟುಕೊಂಡು ಗಾಡಿಯ ರೀತಿರಿವಾಜು ತೋರಿಸಿದೆ. ಡಬ್ಬಿಯ ಮಾತು ಅವಳಿಗೆ ಯಾವಾಗ ಹೇಳಿದೆನೋ ನನಗೇ ನೆನಪಿಲ್ಲ.

ಈಚೆಗೆ ನೀಲವ್ವ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಬೈಲಹೊಂಗಲದ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ರೇಣುಕಾ ಅದೇ ಆಸ್ಪತ್ರೆಯ ಹಿರಿಯ ಸಿಸ್ಟರ್. ಹಗಲು ರಾತ್ರಿ ಬಂದು ನೋಡಿಕೊಂಡಳು. ಆಸ್ಪತ್ರೆಯ ಊಟ ನೀಲವ್ವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾನು ಹೋಟೆಲಿನ ಗೋಡೆಗೆ ಅಂಟಿಸಿದ ಚೌಕದ ಮುಂದೆ ಫೋನು ಹಿಡಿದು ದುಡ್ಡು ಕೊಟ್ಟು ಇಡ್ಲಿ ತಂದರೆ ಅವಳು ಎರಡು ತುತ್ತು ತಿಂದು ಮುಖ ತಿರುಗಿಸುತ್ತಿದ್ದಳು. ಉಣ್ಣದಿದ್ದರೆ ಗಾಯ ಮಾಯುವುದಿಲ್ಲ ಎಂದು ಡಾಕ್ಟರು ಖಡಕ್ಕಾಗಿ ಹೇಳಿದರು. ನನಗೆ ದಿಕ್ಕು ತೋಚದಾಗಿತ್ತು. ಇದು ರೇಣುಕಾಳಿಂದ ಅವಳ ತಾಯಿಗೆ ಮುಟ್ಟಿತು. ಗಂಗವ್ವನ ಫೋನು ಬಂತು.

"ಅಣ್ಣಾರ, ನಾಳಿ ಗಾಡಿಗಿ ಸ್ಟ್ಯಾಂಡಿನ್ಯಾಗ ನಿಂದರ್ರಿ. ವೈನಿಗಿ ಎರಡ ರೊಟ್ಟಿ ಬಡದ ಕಳಸ್ತೇನಿ."

ಈಗ ಯಾರು ಒಯ್ಯುತ್ತಾರೆ, ಸುಮ್ಮನೆ ತ್ರಾಸು ತೆಗೆದುಕೊಳ್ಳಬೇಡ ಎಂದೆ. ಅವಳು ಕೇಳಿಸಿಕೊಳ್ಳದೆ ಫೋನು ಇಟ್ಟಳು.

ಮರುದಿನ ಗಾಡಿ ಬರುವ ಮೊದಲೇ ಹೋಗಿ ನಿಂತೆ. ಅಷ್ಟು ವರ್ಷ ಬಾಗಿಲಲ್ಲಿ ನಿಂತು ಡಬ್ಬಿ ಕೊಟ್ಟವನು ಮೊದಲ ಸಲ ಕೆಳಗೆ ನಿಂತು ಡಬ್ಬಿಗಾಗಿ ಕಾಯುತ್ತಿದ್ದೆ. ಬಸ್ಸು ಬಂತು. ಜನ ಇಳಿದರು. ಒಳಗೆ ಹತ್ತಿ ಮೇಲಿನ ಹಲಗೆ ನೋಡಿದೆ, ಖಾಲಿ. ಡ್ರೈವರನ ಹತ್ತಿರವೂ ಇಲ್ಲ. ಹೋಯಿತು, ದಾರಿಯಲ್ಲಿ ಯಾರೋ ಇಳಿಸಿಕೊಂಡಿರಬೇಕು, ನೀಲವ್ವನಿಗೆ ಏನು ಹೇಳಲಿ ಎಂದುಕೊಳ್ಳುತ್ತಿರುವಾಗ ಹಿಂದಿನ ಸೀಟು ಕಂಡಿತು. ಕಾಲೇಜಿನ ಹುಡುಗಿಯೊಬ್ಬಳು ಕಿವಿಯಲ್ಲಿ ಫೋನಿನ ವೈರು ಸಿಕ್ಕಿಸಿಕೊಂಡು ಇಳಿಯದೆ ಕುಳಿತಿದ್ದಳು. ತೊಡೆಯ ಮೇಲೆ ಡಬ್ಬಿ. ಹಸಿರು ಅಂಚಿನ ಅರಿವೆ, ಎರಡು ಬಿಗಿ ಗಂಟು.

ಹತ್ತಿರ ಹೋಗಿ, ಯಾರದವ್ವ ಈ ಡಬ್ಬಿ ಎಂದೆ.

ಹುಡುಗಿ ವೈರು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎರಡೂ ಕೈಯಿಂದ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು.

"ನಂದ್ರಿ," ಎಂದಳು.

ಅಷ್ಟರಲ್ಲಿ ಮಂಜುಳಾ ಹಿಂದಿನಿಂದ ಬಂದು, ತಂಗಿ, ಇವರಿಗೇ ಕೊಡುವುದು, ಕೊಡು ಎಂದಳು. ನನ್ನ ಕಡೆ ತಿರುಗಿ ನಕ್ಕಳು.

"ಹಂಗ ಹೇಳ ಅಂತ ನಾನ ಹೇಳೇನ್ರಿ ಸರ್. ಯಾಕಂತ ನನಗೂ ಗೊತ್ತಿಲ್ರಿ. ಈ ಗಾಡ್ಯಾಗ ಮೊದಲಿಂದ ಹಂಗ ಐತೆಂತ."

ಯಾಕೆಂದು ಅವಳಿಗೆ ನಾನು ಆಗ ಹೇಳಲಿಲ್ಲ. ಅದಕ್ಕೇ ಇದನ್ನೆಲ್ಲ ಬರೆದದ್ದು, ಮಂಜುಳಾ ಓದಿಕೊಳ್ಳಲಿ.

ರಿಕ್ಷಾ ಹತ್ತಿ ಆಸ್ಪತ್ರೆಯ ಕಡೆ ಹೊರಟೆ. ಸೀಟಿನ ಮೇಲೆ ಬೇಕಾದಷ್ಟು ಜಾಗವಿತ್ತು, ಆದರೂ ಡಬ್ಬಿಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡೆ. ಸುರೇಬಾನದ ಒಲೆಯ ಕಾವು ಅಷ್ಟು ದೂರ ಉಳಿಯುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಯಾರು ಯಾರದೋ ತೊಡೆಯ ಮೇಲೆ ಕುಳಿತು ಬಂದ ಆ ಡಬ್ಬಿ ಇನ್ನೂ ಬೆಚ್ಚಗಿತ್ತು.